ತಣ್ಣಗಿದ್ದಾಗ ಸಡಿಲ, ಬಿಸಿಯಾದಾಗ ಬಿಗಿ: ಹಳೆಯ ಲಾರಿ ಎಂಜಿನ್ನಿಗೆ ಬಿಡಿಭಾಗಗಳ ಆಯ್ಕೆ

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯಲ್ಲಿ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶವಿದೆ. ಅಲ್ಲಿಗೆ ಸರಕು ತರುವ, ಅಲ್ಲಿಂದ ಸರಕು ಒಯ್ಯುವ ಲಾರಿಗಳಲ್ಲಿ ಹಳೆಯವೂ ಇರುತ್ತವೆ. ನನಗೆ ಪರಿಚಯದ ಲಾರಿ ಮಾಲೀಕರೊಬ್ಬರು ತಾವೇ ಚಾಲಕರು. ಇದ್ದ ಒಂದೇ ಲಾರಿಯ ಎಂಜಿನ್ 'ಬೋರಿಗೆ ಬಂದಾಗ' ಸಾಲ ಮಾಡಿ ಹೊಸ ಪಿಸ್ಟನ್, ರಿಂಗು, ಬೇರಿಂಗುಗಳನ್ನು ಹಾಕಿಸಿದರು. ಗ್ಯಾರೇಜಿನಲ್ಲಿ ಎಂಜಿನ್ ಚೆನ್ನಾಗಿಯೇ ಓಡಿತು. ಆದರೆ ಕರಾವಳಿಯಿಂದ ಹೊರೆ ಹೊತ್ತು ಹುಲಿಕಲ್ ಘಾಟಿ ಏರುವಾಗ ಅದು ಹಿಡಿದುಕೊಂಡು ನಿಂತೇಬಿಟ್ಟಿತು. ಎರಡು ಗಂಟೆ ಕಾದ ಮೇಲೆ ಮತ್ತೆ ತಾನಾಗಿ ಚಾಲೂ ಆಯಿತು! ಬಿಚ್ಚಿ ನೋಡಿದರೆ ಪಿಸ್ಟನ್ನಿನ ಎರಡೂ ಬದಿಗೆ ಉದ್ದುದ್ದ ಗೀರುಗಳು.

ಹಾಕಿದ ಭಾಗಗಳಲ್ಲಿ ಯಾವುದೂ ಕಳಪೆಯಾಗಿರಲಿಲ್ಲ. ಹಾಗಾದರೆ ತಪ್ಪಿದ್ದು ಎಲ್ಲಿ? ಉತ್ತರ ಪ್ರೌಢಶಾಲೆಯ ಪಾಠದಲ್ಲೇ ಇದೆ: ಉಷ್ಣದಿಂದ ಘನವಸ್ತುಗಳ ಹಿಗ್ಗುವಿಕೆ.

ಉದಾಹರಣೆಗೆ ಟಾಟಾ ಲಾರಿಗಳ 697 ಎಂಜಿನ್ನನ್ನು ತೆಗೆದುಕೊಳ್ಳೋಣ. ಇದಕ್ಕೆ 6 ಸಿಲಿಂಡರ್. ಪ್ರತಿಯೊಂದರ ವ್ಯಾಸ 97 ಮಿ.ಮೀ. ಪಿಸ್ಟನ್ ಚಲಿಸುವ ದೂರ, ಅಂದರೆ ಸ್ಟ್ರೋಕ್, 128 ಮಿ.ಮೀ. ಪಿಸ್ಟನ್ ಅಲ್ಯೂಮಿನಿಯಮ್-ಸಿಲಿಕಾನ್ ಮಿಶ್ರಲೋಹದ್ದು; ಸಿಲಿಂಡರಿನ ಒಳಗೋಡೆ ಬೀಡು ಕಬ್ಬಿಣದ್ದು. ಒಂದು ಡಿಗ್ರಿ ಉಷ್ಣತೆ ಏರಿದರೆ ಬೀಡು ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 11 ಭಾಗದಷ್ಟು ಹಿಗ್ಗುತ್ತದೆ. ಪಿಸ್ಟನ್ನಿನ ಮಿಶ್ರಲೋಹ ಸುಮಾರು 20 ಭಾಗ.

ಎಂಜಿನ್ನನ್ನು 30° ಸೆ.ನಲ್ಲಿ ಜೋಡಿಸಿದೆವೆನ್ನಿ. ಹೊರೆ ಎಳೆಯುವಾಗ ಪಿಸ್ಟನ್ನಿನ ಕೆಳಬದಿ 150° ಸೆ., ಸಿಲಿಂಡರ್ ಗೋಡೆ 120° ಸೆ. ತಲುಪಿದವೆಂದು ಇಟ್ಟುಕೊಳ್ಳೋಣ. ಪಿಸ್ಟನ್ನಿನ ವ್ಯಾಸ 0.23 ಮಿ.ಮೀ. ಹೆಚ್ಚುತ್ತದೆ, ಸಿಲಿಂಡರಿನದು 0.10 ಮಿ.ಮೀ. ಮಾತ್ರ. ವ್ಯತ್ಯಾಸ ಸುಮಾರು 0.14 ಮಿ.ಮೀ. ತಣ್ಣಗಿದ್ದಾಗ ಇಷ್ಟು ತೆರಪನ್ನಾದರೂ (ಮೆಕ್ಯಾನಿಕ್‌ಗಳು ಇದನ್ನು ಕ್ಲಿಯರೆನ್ಸ್ ಎನ್ನುತ್ತಾರೆ) ಬಿಟ್ಟಿರಬೇಕು. ಎಣ್ಣೆಯ ಪದರಕ್ಕೂ ಜಾಗ ಬೇಕಲ್ಲವೆ?

ಮಿಶ್ರಲೋಹದಲ್ಲಿ ಸಿಲಿಕಾನ್ ಹೆಚ್ಚಿದಷ್ಟೂ ಪಿಸ್ಟನ್ ಕಡಮೆ ಹಿಗ್ಗುತ್ತದೆ. 20ರ ಬದಲು 18 ಎಂದು ಹಾಕಿ ಲೆಕ್ಕ ಮಾಡಿ. ಬೇಕಾದ ತೆರಪು 0.11 ಮಿ.ಮೀ.ಗೆ ಇಳಿಯುತ್ತದೆ. ಈಗ ಒಬ್ಬರು 0.12 ಮಿ.ಮೀ. ತೆರಪು ಬಿಟ್ಟು ಬೋರ್ ಮಾಡಿದ್ದಾರೆಂದುಕೊಳ್ಳಿ. ಒಂದು ಪಿಸ್ಟನ್ ಅದರಲ್ಲಿ ಹೇಗೋ ಓಡಾಡೀತು. ಅದೇ ಅಳತೆಯ, ಬೇರೆ ಲೋಹದ ಪಿಸ್ಟನ್ ಘಾಟಿಯಲ್ಲಿ ಹಿಡಿದುಕೊಳ್ಳುತ್ತದೆ. ನಮ್ಮ ಮಾಲೀಕರಿಗೆ ಆದದ್ದೂ ಇದೇ. ಹಿಂದಿನ ಪಿಸ್ಟನ್ನಿನ ಲೆಕ್ಕಕ್ಕೆ ಮೊದಲೇ ಬೋರ್ ಮಾಡಿಸಿ, ಆಮೇಲೆ ಬೇರೆ ತಯಾರಿಕೆಯ ಪಿಸ್ಟನ್ ಕೊಂಡಿದ್ದರು. ಎಷ್ಟು ತೆರಪು ಬೇಕೆಂದು ಹೇಳುವ ಚೀಟಿಯನ್ನು ಡಬ್ಬದ ಜೊತೆಗೇ ಎಸೆದಿದ್ದರು.

ಆದ್ದರಿಂದ ಮೊದಲ ನಿಯಮ: ಮೊದಲು ಪಿಸ್ಟನ್ ಕೊಳ್ಳಬೇಕು, ಅದನ್ನು ಮೈಕ್ರೋಮೀಟರಿನಿಂದ ಅಳೆಯಬೇಕು, ಆಮೇಲೆ ಅದಕ್ಕೆ ತಕ್ಕಂತೆ ಬೋರ್ ಮಾಡಿಸಬೇಕು.

ಎರಡನೆಯದು ಲೈನರ್, ಅಂದರೆ ಸಿಲಿಂಡರಿನೊಳಗೆ ಕೂರಿಸುವ ಬೀಡಿನ ಕೊಳವೆ. ಇದು ನಮ್ಮ ಜಿಲ್ಲೆಗೆ ಹೊಸದಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಬೀಡು ತಯಾರಿಸಲು ತೊಡಗಿತು. ಕೆಮ್ಮಣ್ಣುಗುಂಡಿಯ ಅದಿರು ಅದರ ಕಚ್ಚಾವಸ್ತುವಾಗಿತ್ತು. ಮುಂದೆ ಶಿವಮೊಗ್ಗದಲ್ಲಿ ಲೈನರ್ ತಯಾರಿಕೆಯೂ ಬೆಳೆಯಿತು; ಪರ್ಲೈಟ್ ಲೈನರ್ಸ್ ಅಂಥದೊಂದು ಉದ್ಯಮ. ಪರ್ಲೈಟ್ ಎಂಬುದು ಕಬ್ಬಿಣದ ಒಂದು ಸೂಕ್ಷ್ಮರಚನೆಯ ಹೆಸರು: ಮೆದುವಾದ ಫೆರೈಟ್ ಮತ್ತು ಗಡುಸಾದ ಕಬ್ಬಿಣದ ಕಾರ್ಬೈಡು ಒಂದರ ಮೇಲೊಂದು ಪದರಗಳಾಗಿ ಕುಳಿತಿರುತ್ತವೆ. ಈ ರಚನೆಯಿಂದ ಸವೆತ ಕಡಮೆ. ಬೀಡಿನಲ್ಲಿರುವ ಗ್ರ್ಯಾಫೈಟ್ ಹಲ್ಲೆಗಳು ಜಾರುವಿಕೆಗೆ ನೆರವಾಗುತ್ತವೆ, ಎಣ್ಣೆಯನ್ನೂ ಹಿಡಿದಿಡುತ್ತವೆ. ಲೈನರ್ ಕೊಳ್ಳುವಾಗ ಅದರ ಜೊತೆಗಾರನನ್ನೂ ನೋಡಬೇಕು. ಕ್ರೋಮಿಯಮ್ ಲೇಪಿಸಿದ ಲೈನರಿಗೆ ಕ್ರೋಮಿಯಮ್ ಲೇಪಿಸಿದ ರಿಂಗು ಸಲ್ಲದು. ಒಂದೇ ಬಗೆಯ ಎರಡು ಗಡುಸು ಮೈಗಳು ಉಜ್ಜಿದರೆ ಒಂದನ್ನೊಂದು ಕೆರೆಯುತ್ತವೆ.

ಮೂರನೆಯದು ರಿಂಗು. ಅದರ ಎರಡು ತುದಿಗಳ ನಡುವೆ ಸಂದು ಇರುತ್ತದೆ. 100 ಮಿ.ಮೀ. ವ್ಯಾಸಕ್ಕೆ 0.3ರಿಂದ 0.4 ಮಿ.ಮೀ. ಸಂದು ಎಂಬುದು ಸಾಮಾನ್ಯ ಲೆಕ್ಕ. ಸಂದು ಕಿರಿದಾದರೆ, ಬಿಸಿಯಾದಾಗ ತುದಿಗಳು ಒಂದಕ್ಕೊಂದು ತಾಗಿ ರಿಂಗು ಗೋಡೆಯನ್ನು ಗೀರುತ್ತದೆ, ಮುರಿಯಲೂಬಹುದು. ಹಿರಿದಾದರೆ ಅನಿಲ ಕೆಳಗೆ ಸೋರುತ್ತದೆ.

ಈ ಸಂದನ್ನೇ ಅಳತೆಗೋಲಾಗಿ ಬಳಸಬಹುದು. ರಿಂಗನ್ನು ಸಿಲಿಂಡರಿನ ಕೆಳಗೆ, ಸವೆಯದ ಜಾಗದಲ್ಲಿ ನೇರವಾಗಿ ಕೂರಿಸಿ ಫೀಲರ್ ಗೇಜಿನಿಂದ ಸಂದನ್ನು ಅಳೆಯಿರಿ. ಮತ್ತೆ ಮೇಲುಗಡೆ ಅಳೆಯಿರಿ. ಕೆಳಗೆ 0.40, ಮೇಲೆ 0.85 ಮಿ.ಮೀ. ಬಂದರೆ ವ್ಯತ್ಯಾಸ 0.45. ಇದು ಪರಿಧಿಯಲ್ಲಾದ ಹೆಚ್ಚಳ. 3.14ರಿಂದ ಭಾಗಿಸಿದರೆ ವ್ಯಾಸದ ಸವೆತ 0.14 ಮಿ.ಮೀ. ಎಂದು ತಿಳಿಯುತ್ತದೆ. ಇಷ್ಟು ಸವೆದ ಸಿಲಿಂಡರಿಗೆ ಬರೀ ಹೊಸ ರಿಂಗು ಹಾಕಿದರೆ ಹಣ ಹೊಗೆಯಾಗಿ ಹೋಗುತ್ತದೆ.

ನಾಲ್ಕನೆಯದು ಕ್ರ್ಯಾಂಕ್ ದಂಡ ಮತ್ತು ಬೇರಿಂಗು. ಸವೆದ ದಂಡವನ್ನು ಸಾಮಾನ್ಯವಾಗಿ 0.25, 0.50 ಮಿ.ಮೀ. ಹೀಗೆ ಹಂತಹಂತವಾಗಿ ಅರೆದು ನುಣುಪುಗೊಳಿಸುತ್ತಾರೆ. ಅಷ್ಟೇ ದಪ್ಪಗಿನ ಬೇರಿಂಗ್ ಚಿಪ್ಪುಗಳನ್ನು ಹಾಕುತ್ತಾರೆ. ಅಂಗಡಿಯಲ್ಲಿ ಯಾವ ಅಳತೆಯ ಚಿಪ್ಪು ಸಿಗುತ್ತದೆಂದು ವಿಚಾರಿಸಿದ ಮೇಲೆಯೇ ದಂಡವನ್ನು ಅರೆಯಲು ಕೊಡಬೇಕು. ಕಿರಿದಾದ ತೆರಪಿನಲ್ಲಿ ಹರಿಯುವ ಎಣ್ಣೆಯ ಪ್ರಮಾಣ ತೆರಪಿನ ಘನಕ್ಕೆ ಅನುಪಾತದಲ್ಲಿರುತ್ತದೆ. ಅಂದರೆ ತೆರಪು 0.06ರ ಬದಲು 0.12 ಮಿ.ಮೀ. ಆದರೆ ಅದೇ ಒತ್ತಡದಲ್ಲಿ ಎಣ್ಣೆ 8 ಪಟ್ಟು ಸೋರುತ್ತದೆ! ಪಂಪು ಅಷ್ಟನ್ನು ಪೂರೈಸಲಾರದು, ಒತ್ತಡ ಕುಸಿಯುತ್ತದೆ. ಆಗ ಕೆಲವರು ಪಂಪನ್ನೇ ಬದಲಿಸುತ್ತಾರೆ. ರೋಗ ಇರುವುದು ಬೇರೆಡೆ.

ಕೊನೆಯದು ತೂಕ. ಆರೂ ಪಿಸ್ಟನ್ನುಗಳನ್ನು ಒಂದೇ ಸೆಟ್ಟಿನಿಂದ ಆರಿಸಬೇಕು. ಎಂಜಿನ್ ನಿಮಿಷಕ್ಕೆ 2800 ಸುತ್ತು ತಿರುಗುವಾಗ ಪಿಸ್ಟನ್ನಿನ ಗರಿಷ್ಠ ವೇಗೋತ್ಕರ್ಷ ಗುರುತ್ವ ವೇಗೋತ್ಕರ್ಷದ 500 ಪಟ್ಟನ್ನೂ ಮೀರುತ್ತದೆ. ಒಂದು ಪಿಸ್ಟನ್ 10 ಗ್ರಾಂ ಹೆಚ್ಚಿದ್ದರೆ, ಪ್ರತಿ ಸುತ್ತಿನಲ್ಲೂ 5 ಕಿಲೋಗ್ರಾಂ ತೂಕಕ್ಕಿಂತ ಹೆಚ್ಚಿನ ಬಲ ದಂಡವನ್ನು ಅತ್ತಿತ್ತ ಜಗ್ಗುತ್ತದೆ. ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿದರೂ ಈ ವ್ಯತ್ಯಾಸ ಗೊತ್ತಾಗುತ್ತದೆ.

ಎಲ್ಲವನ್ನೂ ಬದಲಿಸಬೇಕೆಂದಿಲ್ಲ. ಬಿರುಕಿಲ್ಲದ, ಅಳತೆ ಸರಿಯಿರುವ ಬ್ಲಾಕು, ದಂಡಗಳನ್ನು ಉಳಿಸಿಕೊಳ್ಳಬಹುದು. ಆದರೆ ಹೆಡ್ ಗ್ಯಾಸ್ಕೆಟ್ಟನ್ನು ಮತ್ತೆ ಬಳಸಬಾರದು; ಒಮ್ಮೆ ಒತ್ತಿ ಚಪ್ಪಟೆಯಾದದ್ದು ಮತ್ತೆ ಹಾಗೆಯೇ ಕೂರದು. ಕನೆಕ್ಟಿಂಗ್ ರಾಡಿನ ಬೋಲ್ಟುಗಳನ್ನೂ ಹೊಸದಾಗಿ ಹಾಕುವುದು ಕ್ಷೇಮ. ಕೋಟ್ಯಂತರ ಸಲ ಎಳೆತಕ್ಕೆ ಸಿಕ್ಕಿದ ಲೋಹದ ದಣಿವು ಕಣ್ಣಿಗೆ ಕಾಣುವುದಿಲ್ಲ.

ಒಳ್ಳೆಯ ಭಾಗ ಯಾವುದು ಎಂದು ಕೇಳುವ ಬದಲು, ಯಾವುದರ ಜೊತೆ, ಯಾವ ಉಷ್ಣತೆಯಲ್ಲಿ ಎಂದು ಕೇಳಬೇಕು. ಅಧ್ಯಾಪಕರೇ, ಹಿಗ್ಗುವಿಕೆಯ ಪಾಠ ಮಾಡುವಾಗ ಗ್ಯಾರೇಜಿನಿಂದ ಒಂದು ಹಳೆಯ ಲೈನರ್, ಒಂದು ರಿಂಗು ತರಿಸಿಕೊಳ್ಳಿ. ಮೇಲಿನ ಲೆಕ್ಕಗಳನ್ನು ಮಕ್ಕಳ ಕೈಯಲ್ಲೇ ಮಾಡಿಸಿ. ಅವರಲ್ಲಿ ಯಾರದಾದರೂ ಮನೆಯ ಲಾರಿ ನಾಳೆ ಬೋರಿಗೆ ಬಂದಾಗ, ಡಬ್ಬದೊಳಗಿನ ಆ ಚೀಟಿಯನ್ನು ಎಸೆಯದೆ ಓದುವವರು ಒಬ್ಬರಾದರೂ ಇರುತ್ತಾರೆ.