ಆಲೆಮನೆಯ ಕಸವೂ ಕೆಲಸಗಾರರ ಕ್ಷೇಮವೂ

ರೈತನ ಒಂದು ವರ್ಷದ ದುಡಿಮೆಯು ಹಣವಾಗಿ ಮಾರ್ಪಡುವ ಸ್ಥಳವೇ ಆಲೆಮನೆ. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಯು ಆರಂಭವಾದ ಮೇಲೆಯೂ ಆ ಸೀಮೆಯಲ್ಲಿ ಬೆಲ್ಲದ ಕಸುಬು ನಿಂತುಹೋಗಲಿಲ್ಲ. ಆದರೆ ಗಾಣಕ್ಕೂ ಒಲೆಗೂ ಕೊಡುವ ಗಮನವನ್ನು ಅಲ್ಲಿ ಬೀಳುವ ಕಸಕ್ಕೆ ಕೊಡುವವರು ವಿರಳ. ಗಾಣದ ಸುತ್ತ ಚೆದರಿದ ಸಿಪ್ಪೆಯೂ ಕೊಪ್ಪರಿಗೆಯ ಬಳಿ ಚೆಲ್ಲಿದ ಮಡ್ಡಿಯೂ ಬೆಲ್ಲದ ಬೆಲೆಯನ್ನು ಇಳಿಸುವುದಲ್ಲದೆ ಕೆಲಸಗಾರರ ಕೈಕಾಲುಗಳಿಗೆ ಅಪಾಯವನ್ನೂ ತರುವುವು. ಅವುಗಳನ್ನೇ ತಕ್ಕ ಸ್ಥಳಕ್ಕೆ ಸೇರಿಸಿದರೆ ಉರುವಲೂ ಗೊಬ್ಬರವೂ ಆಗುವುವು.

1. ಸಿಪ್ಪೆ.— ನೂರು ಭಾಗ ಕಬ್ಬಿನಿಂದ ಅರವತ್ತು ಭಾಗ ರಸ ಬಂದರೆ, ಒಂದು ಟನ್ ಕಬ್ಬಿಗೆ ಸುಮಾರು 400 ಕಿಲೋ ಹಸಿ ಸಿಪ್ಪೆ ಉಳಿಯುವುದು. ಇದರಲ್ಲಿ ಅರ್ಧದಷ್ಟು ನೀರೇ. ಇದನ್ನು ಬಿಸಿಲಿನಲ್ಲಿ ತೆಳ್ಳಗೆ ಹರಡಿ ಚೆನ್ನಾಗಿ ಒಣಗಿಸತಕ್ಕದ್ದು. ಒಲೆಯ ಕಟ್ಟಡವು ಸರಿಯಾಗಿದ್ದರೆ, ಆ ಕಬ್ಬಿನ ರಸವನ್ನು ಕಾಯಿಸಲು ಅದರ ಒಣಸಿಪ್ಪೆಯೇ ಸಾಕಾಗುವುದು. ಹಸಿ ಸಿಪ್ಪೆಯು ಹೊಗೆಯಾಡುವುದೇ ಹೊರತು ಉರಿಯದು. ಆಗ ಹಳೆಯ ಟೈರು, ಪ್ಲಾಸ್ಟಿಕ್ ಮುಂತಾದುವನ್ನು ಒಲೆಗೆ ಹಾಕುವ ಕೆಟ್ಟ ಪದ್ಧತಿಯು ಹುಟ್ಟಿಕೊಳ್ಳುವುದು. ಆ ಹೊಗೆಯು ವಿಷ. ಉರಿ ಹಾಕುವವನಿಗೂ ಊರಿಗೂ ಅದರಿಂದ ಕೇಡು. ಒಣಗಿದ ಸಿಪ್ಪೆಯ ಮೆದೆಯನ್ನು ಒಲೆಯ ಕಿಡಿ ತಾಗದಷ್ಟು ದೂರದಲ್ಲಿ, ಗಾಳಿ ಬೀಸಿ ಬರುವ ಕಡೆಗೆ ಹಾಕಬೇಕು. ಆಯಾ ಹೊತ್ತಿಗೆ ಬೇಕಾದಷ್ಟನ್ನು ಮಾತ್ರ ಒಲೆಯ ಬಳಿಗೆ ತರಬೇಕು.

2. ಮಡ್ಡಿ ಮತ್ತು ತೊಳೆದ ನೀರು.— ರಸ ಕಾಯುವಾಗ ತೆಗೆದ ಮಡ್ಡಿಯನ್ನು ನೆಲಕ್ಕೆ ಚೆಲ್ಲಿದರೆ ನೊಣ, ಕಣಜಗಳು ಮುತ್ತುವುವು, ನೆಲವು ಜಾರುವುದು. ಕುದಿಯುವ ಕೊಪ್ಪರಿಗೆಯ ಪಕ್ಕದಲ್ಲಿ ಒಬ್ಬನು ಕಾಲು ಜಾರಿದರೆ ಆಗುವ ಅನಾಹುತವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಆದಕಾರಣ ಮಡ್ಡಿಗೆ ಒಂದು ತೊಟ್ಟಿಯನ್ನು ಇಟ್ಟು, ದಿನಕ್ಕೊಮ್ಮೆ ಗೊಬ್ಬರದ ಗುಂಡಿಗೆ ಸಾಗಿಸಬೇಕು. ಮಡ್ಡಿಯನ್ನಾಗಲಿ ತೊಳೆದ ನೀರನ್ನಾಗಲಿ ಕಾಲುವೆಗೆ ಬಿಡಬಾರದು. ಅದರಲ್ಲಿರುವ ಸಿಹಿಯು ಕೊಳೆತು ನೀರಿನ ಪ್ರಾಣವಾಯುವನ್ನು ಹೀರುವುದರಿಂದ ಮೀನುಗಳು ಸಾಯುವುವು, ನೀರು ನಾರುವುದು. ಗಾಣದ ಉರುಳೆಗಳಲ್ಲಿಯೂ ರಸದ ತೊಟ್ಟಿಯಲ್ಲಿಯೂ ಉಳಿದ ರಸವು ಹುಳಿತು, ಮರುದಿನದ ಹೊಸ ರಸವನ್ನೂ ಕೆಡಿಸುವುದು. ಅಂತಹ ರಸದ ಬೆಲ್ಲವು ಗಟ್ಟಿಯಾಗಿ ಅಚ್ಚಿಗೆ ಕೂರದು. ಆದುದರಿಂದ ಕೆಲಸ ಮುಗಿದೊಡನೆ ಇವೆರಡನ್ನೂ ಬಿಸಿನೀರಿನಿಂದ ತೊಳೆಯತಕ್ಕದ್ದು.

3. ಗೊಬ್ಬರ.— ಕಬ್ಬಿನ ತರಗು, ಕೆಟ್ಟ ಸಿಪ್ಪೆ, ಮಡ್ಡಿ ಇವುಗಳನ್ನು 1939ರಲ್ಲಿ ಸಿ. ಎನ್. ಆಚಾರ್ಯರು ಬೆಂಗಳೂರಿನಲ್ಲಿ ರೂಪಿಸಿದ ‘ಬೆಂಗಳೂರು ಕ್ರಮ’ದಂತೆ ಗೊಬ್ಬರ ಮಾಡಬಹುದು. ಒಂದು ಮೀಟರು ಆಳದ ಗುಂಡಿಯಲ್ಲಿ ನೀರಿನಿಂದ ನೆನೆಸಿದ ಕಸವನ್ನು ಒಂದು ಗೇಣಿನಷ್ಟು ಹರಡಿ, ಅದರ ಮೇಲೆ ಸಗಣಿಯ ಬಗ್ಗಡವನ್ನು ಸುರಿದು, ಹೀಗೆಯೇ ಪದರ ಪದರವಾಗಿ ತುಂಬಿಸಿ, ಮೇಲೆ ಮಣ್ಣು ಮೆತ್ತಬೇಕು. ಆರರಿಂದ ಎಂಟು ತಿಂಗಳಲ್ಲಿ ಗೊಬ್ಬರ ಸಿದ್ಧವಾಗುವುದು. ಸಗಣಿಯನ್ನು ಬಿಟ್ಟರೆ ಸಿಪ್ಪೆಯು ಬೇಗ ಕೊಳೆಯದು. ಒಲೆಯ ಬೂದಿಯಲ್ಲಿ ಪೊಟ್ಯಾಷ್ ಇರುವುದರಿಂದ ಅದನ್ನು ಒಣಗಿದ ಸ್ಥಳದಲ್ಲಿ ಕಾದಿಟ್ಟು ಹೊಲಕ್ಕೆ ಹಾಕಬೇಕು. ಆದರೆ ಕೆಂಡವು ಪೂರ್ತಿಯಾಗಿ ಆರಿದ ಹೊರತು ಮುಟ್ಟಬಾರದು.

4. ಗಾಣದ ಬಳಿ.— ಎತ್ತಿನ ಗಾಣವು ಕೂಗಿದರೆ ನಿಲ್ಲುತ್ತಿದ್ದಿತು. ಮೋಟಾರಿನ ಗಾಣವು ಕೂಗಿಗೆ ನಿಲ್ಲದು. ಕಬ್ಬು ಕೊಡುವವನ ಕೈಗೆ ಎಟಕುವಂತೆಯೇ ನಿಲ್ಲಿಸುವ ಸ್ವಿಚ್ಚು ಇರಬೇಕು. ಬೆಲ್ಟಿಗೂ ಹಲ್ಲುಚಕ್ರಗಳಿಗೂ ತಗಡಿನ ಮರೆ ಕಟ್ಟಬೇಕು. ತುಂಡು ಕಬ್ಬನ್ನು ಕೈಯಿಂದ ದೂಡದೆ ಇನ್ನೊಂದು ಕಬ್ಬಿನಿಂದ ದೂಡಬೇಕು. ಹೆಗಲ ವಸ್ತ್ರ, ಜೋಲುವ ಸೆರಗು, ಸಡಿಲ ತೋಳು ಇವುಗಳನ್ನು ಬಿಗಿಯದೆ ಗಾಣದ ಬಳಿ ಯಾರೂ ನಿಲ್ಲಬಾರದು. ಸಿಕ್ಕಿದ ಸಿಪ್ಪೆಯನ್ನು ಗಾಣ ನಿಲ್ಲಿಸಿದ ಮೇಲೆಯೇ ತೆಗೆಯತಕ್ಕದ್ದು. ಒಂದು ನಿಮಿಷದ ಆತುರಕ್ಕೆ ಒಂದು ಕೈಯನ್ನು ತೆರುವುದು ವಿವೇಕವಲ್ಲ. ನಿದ್ದೆಗೆಟ್ಟವನನ್ನು ಈ ಕೆಲಸಕ್ಕೆ ನಿಲ್ಲಿಸಬಾರದು. ಮಕ್ಕಳನ್ನು ಹತ್ತಿರ ಬಿಡಬಾರದು.

5. ಕೊಪ್ಪರಿಗೆಯ ಬಳಿ.— ಇಳಿಸುವ ವೇಳೆಗೆ ಪಾಕದ ಕಾವು ಸುಮಾರು 118 ಡಿಗ್ರಿ ಸೆಲ್ಸಿಯಸ್ ಇರುವುದು. ಅದು ಕುದಿನೀರಿಗಿಂತ ಹೆಚ್ಚು ಬಿಸಿ, ಮೈಗೆ ಅಂಟುವಂತಹದು. ಕೊಪ್ಪರಿಗೆಯ ಸುತ್ತ ನೆಲವನ್ನು ಒಣಗಿಸಿಟ್ಟು, ತಣ್ಣೀರಿನ ತೊಟ್ಟಿಯೊಂದನ್ನು ಸದಾ ತುಂಬಿಡಬೇಕು. ಸುಟ್ಟ ಭಾಗದ ಮೇಲೆ ಒಡನೆಯೇ ಇಪ್ಪತ್ತು ನಿಮಿಷ ತಣ್ಣೀರು ಸುರಿದು, ಶುಭ್ರವಾದ ಬಟ್ಟೆ ಹೊದಿಸಿ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಸಗಣಿ, ಮಣ್ಣು, ಎಣ್ಣೆಗಳನ್ನು ಬಳಿಯಲೇಬಾರದು.

ಈ ಕ್ರಮಗಳಿಗೆ ಬೇಕಾದುದು ಹೆಚ್ಚಿನ ಹಣವಲ್ಲ; ಒಂದು ಗುಂಡಿ, ಎರಡು ತೊಟ್ಟಿ, ಕೆಲವು ತಗಡು ಮತ್ತು ದಿನಕ್ಕೆ ಒಂದು ಗಂಟೆಯ ಕೆಲಸ. ಗಾಣಕ್ಕೆ ಕೈ ಕೊಟ್ಟ ಕೂಲಿಯವನ ಸಂಸಾರವು ಮರುದಿನದಿಂದ ಯಾರ ಮನೆಯ ಬಾಗಿಲಿಗೆ ಹೋಗಬೇಕೆಂಬುದನ್ನು ಊರಿನವರೆಲ್ಲರೂ ಬಲ್ಲರು. ಗ್ರಾಮದ ಮುಖ್ಯಸ್ಥರು ಆಲೆ ಹೂಡುವ ಮುನ್ನವೇ ಊರಿನ ಆಲೆಮನೆಗಳನ್ನು ಒಮ್ಮೆ ಸುತ್ತಿ, ಸ್ವಿಚ್ಚು, ಮರೆ, ತೊಟ್ಟಿ, ಗುಂಡಿ ಈ ನಾಲ್ಕೂ ಇವೆಯೇ ಎಂದು ಕಣ್ಣಾರೆ ನೋಡಿದರೆ, ಆ ವರ್ಷದ ಬೆಲ್ಲದ ಜೊತೆಗೆ ಕೆಲವರ ಬದುಕನ್ನೂ ಕಾಪಾಡಿದಂತಾಗುವುದು.