ಸೂಜಿಯ ಜೊತೆ ಬದುಕುವ ಮಕ್ಕಳಿಗೆ ಒಬ್ಬ ಅಕ್ಕ



ಸಂಘದ ಸಭೆಯಲ್ಲಿ ಸಕ್ಕರೆ ಕಾಯಿಲೆ ಎಂದ ಕೂಡಲೇ ನಮಗೆ ನೆನಪಾಗುವುದು ವಯಸ್ಸಾದವರು. ಆದರೆ ಚಿಕ್ಕಂದಿನಲ್ಲೇ ಈ ಕಾಯಿಲೆ ಬಂದು, ದಿನವೂ ಇನ್ಸುಲಿನ್ ಚುಚ್ಚಿಕೊಂಡೇ ಬೆಳೆದ ಹುಡುಗ ಹುಡುಗಿಯರೂ ಇದ್ದಾರೆ. ಇದಕ್ಕೆ ಟೈಪ್ 1 ಡಯಾಬಿಟಿಸ್ ಎನ್ನುತ್ತಾರೆ. ಇವರಿಗೆ ಡಾಕ್ಟರು, ಔಷಧಿ ಎಷ್ಟು ಮುಖ್ಯವೋ, ಮನಸ್ಸು ಬಿಚ್ಚಿ ಮಾತನಾಡಲು ಒಬ್ಬ ಹಿರಿಯ ಗೆಳತಿಯೂ ಅಷ್ಟೇ ಮುಖ್ಯ. ಆ ಗೆಳತಿ ನಮ್ಮಲ್ಲಿ ಯಾರಾದರೂ ಆಗಬಹುದು.

ಇದು ಯಾರ ತಪ್ಪೂ ಅಲ್ಲ

ನಮ್ಮ ಹೊಟ್ಟೆಯೊಳಗಿನ ಮೇದೋಜೀರಕ ಗ್ರಂಥಿ ಇನ್ಸುಲಿನ್ ತಯಾರಿಸುತ್ತದೆ. ಟೈಪ್ 1 ಇರುವವರಲ್ಲಿ ದೇಹದ ರಕ್ಷಣಾ ಶಕ್ತಿಯೇ ದಾರಿ ತಪ್ಪಿ, ಇನ್ಸುಲಿನ್ ಮಾಡುವ ಜೀವಕೋಶಗಳನ್ನು ನಾಶ ಮಾಡುತ್ತದೆ. ಸಿಹಿ ಹೆಚ್ಚು ತಿಂದದ್ದರಿಂದ ಇದು ಬರುವುದಿಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಹಾಗಲಕಾಯಿ ರಸ, ಕಷಾಯ, ಪಥ್ಯ ಯಾವುದೂ ಇನ್ಸುಲಿನ್ ಬದಲಿಗೆ ಆಗುವುದಿಲ್ಲ. 1922ರಲ್ಲಿ ಕೆನಡಾ ದೇಶದಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಬಾರಿ ಇನ್ಸುಲಿನ್ ಕೊಟ್ಟರು. ಅದಕ್ಕೂ ಮುಂಚೆ ಈ ಕಾಯಿಲೆ ಬಂದ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಇಂದು ಸರಿಯಾಗಿ ಇನ್ಸುಲಿನ್ ತೆಗೆದುಕೊಂಡರೆ ಓದು, ಕೆಲಸ, ಮದುವೆ, ಮಕ್ಕಳು ಎಲ್ಲವೂ ಸಾಧ್ಯ.

ಕಷ್ಟ ಶುರುವಾಗುವುದು 18 ದಾಟಿದ ಮೇಲೆ

ಚಿಕ್ಕವರಿದ್ದಾಗ ಅಮ್ಮ ಸೂಜಿ ಹಾಕುತ್ತಾಳೆ, ಹೊತ್ತಿಗೆ ಊಟ ಕೊಡುತ್ತಾಳೆ. ಹಾಸ್ಟೆಲ್ಲಿಗೋ ಕೆಲಸಕ್ಕೋ ಹೋದ ಮೇಲೆ ಎಲ್ಲಾ ತಾವೇ ನೋಡಿಕೊಳ್ಳಬೇಕು. ಊಟದ ಹೊತ್ತು ತಪ್ಪುತ್ತದೆ. ಜೊತೆಯವರಿಗೆ ಗೊತ್ತಾದರೆ ಏನೆಂದುಕೊಳ್ಳುತ್ತಾರೋ ಎಂಬ ಭಯ ಬೇರೆ.

ನಮಗೆ ಗೊತ್ತಿರುವ 19 ವರ್ಷದ ಹುಡುಗಿಯೊಬ್ಬಳು ಮಧ್ಯಾಹ್ನದ ಇನ್ಸುಲಿನ್ ಬಿಡುತ್ತಿದ್ದಳು. ನಾವು ಅವಳನ್ನು ಕೂರಿಸಿಕೊಂಡು ಅರ್ಧ ಗಂಟೆ ಉಪದೇಶ ಮಾಡಿದೆವು. ಕಣ್ಣು, ಕಿಡ್ನಿ ಹಾಳಾಗುತ್ತವೆ ಎಂದು ಹೆದರಿಸಿದೆವು. ಅವಳು ತಲೆಯಾಡಿಸಿ ಹೋದಳು, ಮತ್ತೆ ನಮ್ಮ ಹತ್ತಿರ ಬರಲಿಲ್ಲ. ಅವಳ ಬೀದಿಯಲ್ಲೇ ಹೊಲಿಗೆ ಮಾಡುವ ನಮ್ಮ ಸಂಘದ ಸದಸ್ಯೆಯೊಬ್ಬರು ಉಪದೇಶ ಮಾಡಲಿಲ್ಲ. "ಮಧ್ಯಾಹ್ನ ಎಲ್ಲಿ ಕೂತು ಹಾಕ್ಕೋತೀಯಮ್ಮಾ?" ಎಂದು ಕೇಳಿದರು ಅಷ್ಟೇ. "ಜಾಗ ಎಲ್ಲಿದೆ ಅಕ್ಕಾ, ಟಾಯ್ಲೆಟ್ಟಲ್ಲಿ ನಿಂತ್ಕೊಂಡು ಹಾಕ್ಕೋಬೇಕು. ಅಸಹ್ಯ ಆಗುತ್ತೆ" ಎಂದು ಹುಡುಗಿ ಅತ್ತಳು. ಆ ಅಕ್ಕ ಅವಳ ಒಪ್ಪಿಗೆ ಪಡೆದು, ಜೊತೆಗೆ ಹೋಗಿ ಮೇಲ್ವಿಚಾರಕಿಯ ಹತ್ತಿರ ಮಾತಾಡಿದರು. ಒಂದು ಕುರ್ಚಿ, ಒಂದು ಮೂಲೆ ಸಿಕ್ಕಿತು. ಇನ್ಸುಲಿನ್ ತಪ್ಪುವುದು ನಿಂತಿತು. ನಾವು ಕೇಳದೇ ಇದ್ದ ಪ್ರಶ್ನೆಯನ್ನು ಅವರು ಕೇಳಿದ್ದರು.

ನಾವು ಮಾಡಬಹುದಾದದ್ದು

- ವಾರಕ್ಕೊಮ್ಮೆ ಭೇಟಿಯಾಗಿ ಅಥವಾ ಫೋನ್ ಮಾಡಿ. ಮೊದಲು ಓದು, ಕೆಲಸ, ಮನೆ ವಿಷಯ ಕೇಳಿ. "ಶುಗರ್ ಎಷ್ಟಿದೆ?" ಎಂದೇ ಮಾತು ಶುರು ಮಾಡಬೇಡಿ.
- ಆಸ್ಪತ್ರೆಗೆ ಒಬ್ಬರೇ ಹೋಗಲು ಹಿಂಜರಿದರೆ ಜೊತೆಗೆ ಹೋಗಿ. ಇನ್ಸುಲಿನ್ ಕೊಳ್ಳಲು ಹಣದ ತೊಂದರೆ ಇದ್ದರೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಎನ್.ಸಿ.ಡಿ. ಕ್ಲಿನಿಕ್ಕಿನಲ್ಲಿ ವಿಚಾರಿಸಿ.
- ಫ್ರಿಜ್ ಇಲ್ಲದ ಮನೆಯಲ್ಲಿ ಇನ್ಸುಲಿನ್ ಬಾಟಲಿಯನ್ನು ನೀರು ತಾಗದಂತೆ ಡಬ್ಬಿಯಲ್ಲಿ ಹಾಕಿ, ತಂಪಾದ ಮಣ್ಣಿನ ಮಡಕೆಯಲ್ಲಿ ಇಡಲು ಹೇಳಿ. ಬಿಸಿಲಲ್ಲೂ ಫ್ರೀಜರಿನಲ್ಲೂ ಇಡಬಾರದು.

ನಾವು ಮಾಡಬಾರದ್ದು

ಇನ್ಸುಲಿನ್ ಪ್ರಮಾಣ ಹೆಚ್ಚು ಕಡಿಮೆ ಮಾಡಲು ಹೇಳಬಾರದು. ಅದು ಡಾಕ್ಟರ ಕೆಲಸ. ಅವರ ವಿಷಯವನ್ನು ಅವರ ಒಪ್ಪಿಗೆ ಇಲ್ಲದೆ ಸಭೆಯಲ್ಲಾಗಲಿ, ಬಾವಿಕಟ್ಟೆಯಲ್ಲಾಗಲಿ ಆಡಬಾರದು. ಒಂದು ಸಲ ನಂಬಿಕೆ ಹೋದರೆ ಮತ್ತೆ ಬರುವುದು ಕಷ್ಟ.

ಆದರೆ ಮದುವೆ ಮಾತು ಬಂದಾಗ ಗಂಡಿನ ಕಡೆಯವರಿಗೆ ವಿಷಯ ಮುಚ್ಚಿಡುವುದು ಬೇಡ ಎಂದು ಮನೆಯವರಿಗೆ ತಿಳಿಸಿ ಹೇಳೋಣ. ಮುಚ್ಚಿಟ್ಟು ಮದುವೆಯಾದ ಹುಡುಗಿ ಅತ್ತೆ ಮನೆಯಲ್ಲಿ ಇನ್ಸುಲಿನ್ ಬಿಟ್ಟರೆ ಕೆಲವೇ ದಿನಗಳಲ್ಲಿ ಜೀವಕ್ಕೇ ಅಪಾಯ.

ಈ ಎರಡು ಅಪಾಯ ಎಲ್ಲರಿಗೂ ಗೊತ್ತಿರಲಿ

ಸಕ್ಕರೆ ತೀರಾ ಇಳಿದರೆ ಬೆವರು, ನಡುಕ, ಹಸಿವು, ತಡಬಡಿಸುವ ಮಾತು ಕಾಣಿಸುತ್ತದೆ. ತಕ್ಷಣ ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ನೀರಿನಲ್ಲಿ ಕಲಸಿ ಕುಡಿಸಿ. 15 ನಿಮಿಷದಲ್ಲಿ ಸರಿಹೋಗದಿದ್ದರೆ ಇನ್ನೊಮ್ಮೆ ಕೊಡಿ. ಸುಧಾರಿಸಿದ ಮೇಲೆ ಏನಾದರೂ ತಿನ್ನಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ.

ಇನ್ಸುಲಿನ್ ಸಾಲದೇ ಹೋದರೆ ವಿಪರೀತ ಬಾಯಾರಿಕೆ, ವಾಂತಿ, ಹೊಟ್ಟೆನೋವು, ಜೋರಾದ ಆಳವಾದ ಉಸಿರಾಟ ಶುರುವಾಗುತ್ತದೆ. ಆಗಲೂ ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ಜ್ವರ ಬಂದು ಊಟ ಸೇರದಿದ್ದರೂ ತಾವಾಗಿಯೇ ಇನ್ಸುಲಿನ್ ನಿಲ್ಲಿಸಬಾರದು, ಡಾಕ್ಟರನ್ನು ಕೇಳಬೇಕು.

ಸಹೋದರಿಯರೇ, ಈ ಕೆಲಸಕ್ಕೆ ದೊಡ್ಡ ಓದು ಬೇಡ, ಹಣವೂ ಬೇಡ. ಕೇಳುವ ಕಿವಿ, ಗುಟ್ಟು ಕಾಯುವ ಬಾಯಿ, ವಾರಕ್ಕೆ ಒಂದು ಗಂಟೆ ಸಾಕು. ಮುಂದಿನ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಇದನ್ನು ಓದಿ ಚರ್ಚಿಸಿ. ಮುಂದೆ ಬರುವ ಇಬ್ಬರು ನಮ್ಮ ಕಾರ್ಯಕರ್ತೆಗೆ ಹೆಸರು ಕೊಡಿ. ಕಲಿಯಬೇಕಾದ್ದನ್ನು ನಾವೆಲ್ಲಾ ಕೂಡಿ ಕಲಿಯೋಣ.