ಬಣ್ಣದ ಕೆಳಗಿನ ಕಿನ್ನಾಳ

ಕಿನ್ನಾಳದ ಗರುಡನನ್ನು ಮೊದಲ ಸಲ ಕೈಗೆತ್ತಿಕೊಂಡವರು ಅದರ ತೂಕ ಕಂಡು ಬೆರಗಾಗುತ್ತಾರೆ. ನೋಟಕ್ಕೆ ಗಟ್ಟಿ ವಿಗ್ರಹ, ಎತ್ತಿದರೆ ಹಗುರ. ಒಳಗಿರುವುದು ಪೊಳಕಿ ಎಂಬ ಮೆದು ಮರ. ಉಳಿದದ್ದೆಲ್ಲ ಚಿತ್ರಗಾರರ ಕೈಚಳಕ.

ಕೊಪ್ಪಳಕ್ಕೆ ಹತ್ತಿರದ ಈ ಹಳ್ಳಿಯ ಚಿತ್ರಗಾರ ಮನೆತನಗಳು ತಲೆಮಾರುಗಳಿಂದ ದೇವರ ಮೂರ್ತಿ, ಬಣ್ಣದ ತೊಟ್ಟಿಲು, ಪ್ರಾಣಿ-ಪಕ್ಷಿಗಳ ಗೊಂಬೆಗಳನ್ನು ಮಾಡುತ್ತ ಬಂದಿವೆ. ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪದ ಛಾವಣಿ ಚಿತ್ರಗಳನ್ನೂ ಅಲ್ಲಿನ ರಥದ ಮರಗೆಲಸವನ್ನೂ ಮಾಡಿದವರು ತಮ್ಮ ಪೂರ್ವಿಕರೇ ಎಂಬುದು ಇಲ್ಲಿಯವರ ನಂಬಿಕೆ. ಊರಿನ ಹಳೆಯ ಮನೆಯೊಂದರಲ್ಲಿ ಸಿಕ್ಕಿದ ದಾಖಲೆಯನ್ನು ಅದಕ್ಕೆ ಆಧಾರವಾಗಿ ಹೇಳುತ್ತಾರೆ. 1565ರಲ್ಲಿ ವಿಜಯನಗರ ಬಿತ್ತು. ಮುಂದೆ ಈ ಸೀಮೆ ನಿಜಾಮರ ಆಳ್ವಿಕೆಗೆ ಸೇರಿತು. ಕೊಪ್ಪಳ, ಯಲಬುರ್ಗಾ ಭಾಗ ಸಾಲಾರ್ ಜಂಗ್ ಮನೆತನದ ಜಹಗೀರಾಯಿತು. ದೊರೆಗಳು ಬದಲಾದರೂ ಚಿತ್ರಗಾರರ ಕೆಲಸ ನಿಲ್ಲಲಿಲ್ಲ. ಅದನ್ನು ಸಾಕಿದ್ದು ಸುತ್ತಲಿನ ಹಳ್ಳಿಗಳ ಗುಡಿಗಳು, ಹಬ್ಬಗಳು, ಬಾಣಂತಿ ಮನೆಯ ತೊಟ್ಟಿಲುಗಳು ಎಂದರೆ ತಪ್ಪಾಗದು.

ಗೊಂಬೆಯೆಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಚನ್ನಪಟ್ಟಣ. ಅಲ್ಲಿ ಮರ ಚರಕಿಯ ಮೇಲೆ ತಿರುಗುತ್ತದೆ, ಅರಗಿನ ಬಣ್ಣ ಅದಕ್ಕೆ ಅಂಟುತ್ತದೆ. ಕಿನ್ನಾಳದ ದಾರಿಯೇ ಬೇರೆ. ಇಲ್ಲಿ ಕೈಕಾಲು, ರೆಕ್ಕೆ, ಕಿರೀಟಗಳನ್ನು ಬಿಡಿಬಿಡಿಯಾಗಿ ಉಳಿಯಿಂದ ಕೆತ್ತಿ ಜೋಡಿಸಬೇಕು. ಆ ಸಂದುಗಳನ್ನು ತುಂಬುವುದು ಕಿಟ್ಟ. ಸೆಣಬಿನ ಚಿಂದಿಯನ್ನು ನೆನೆಸಿ, ತುಂಡರಿಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟಿನೊಂದಿಗೆ ಹುಣಸೆ ಬೀಜದ ಅಂಟಿನಲ್ಲಿ ಕಲಸಿದರೆ ಕಿಟ್ಟ ಸಿದ್ಧ. ಅದು ಒಣಗಿದ ಮೇಲೆ ಹತ್ತಿ ಬಟ್ಟೆಯ ಸಣ್ಣ ಚೂರುಗಳನ್ನು ಅದೇ ಅಂಟಿನಿಂದ ಮೈತುಂಬ ಹಚ್ಚುತ್ತಾರೆ. ಅದರ ಮೇಲೆ ಬೆಣಚುಕಲ್ಲಿನ ನುಣುಪು ಪುಡಿಯ ಲೇಪ. ಕೊರಳ ಹಾರ, ತೋಳಬಂದಿ, ಕಿರೀಟದ ಮಣಿಗಳು ಉಬ್ಬಿ ನಿಲ್ಲುವುದು ಕಲ್ಲುಪುಡಿಯನ್ನು ಅಂಟಿನಲ್ಲಿ ಕಲಸಿದ ಈ ಪಾಕದಿಂದಲೇ. ಇಷ್ಟಾದ ಮೇಲೆ ಬಣ್ಣ. ಚಿನ್ನ ಬೆಳ್ಳಿಯ ಹೊಳಪು ಕೊಡುವ ಲಾಜವರ ಎಂಬ ವಿಧಾನವೂ ಇವರ ಪರಂಪರೆಗೆ ಸೇರಿದ್ದು.

ಪ್ರತಿ ಪದರವೂ ಒಣಗುವ ತನಕ ಕಾಯಲೇಬೇಕು. ಕಾಯುವ ಆ ಹೊತ್ತಿಗೆ ಪೇಟೆಯಲ್ಲಿ ಬೆಲೆ ಸಿಗುವುದಿಲ್ಲ. ಕಿಟ್ಟ, ಬಟ್ಟೆ ಬಿಟ್ಟು ಮರಕ್ಕೆ ನೇರವಾಗಿ ಬಣ್ಣ ಬಳಿದ ಗೊಂಬೆಯೂ ಅಂಗಡಿಯ ಗಾಜಿನ ಹಿಂದೆ ಅಷ್ಟೇ ಚೆಂದ ಕಾಣುತ್ತದೆ. ಈ ಕಲೆಯ ನಿಜವಾದ ಕಷ್ಟ ಇರುವುದು ಇಲ್ಲಿ.

ಕಿನ್ನಾಳದ ಗೊಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. 2021ರಲ್ಲಿ ಇದೇ ಜಿಲ್ಲೆಯ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರ್‌ಗೆ ಅಡಿಗಲ್ಲು ಬಿತ್ತು. ಕೆಲಸ ಬೇಕಾದ ಯುವಕರಿಗೆ ಅದು ಬೇಕು. ಆದರೆ ಕಾರ್ಖಾನೆಯ ಆಟಿಕೆಯನ್ನೂ ಕಿನ್ನಾಳದ ಗರುಡನನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಮೊದಲನೆಯದು ಮಕ್ಕಳ ಕೈಗೆ, ಎರಡನೆಯದು ದೇವರ ಜಗಲಿಗೆ ಮಾಡಿದ್ದು. ಚಿತ್ರಗಾರರನ್ನು ಬರೀ ಆಟಿಕೆ ಮಾಡುವವರೆಂದು ಕರೆದರೆ ಅವರ ಅರ್ಧ ವಿದ್ಯೆಯನ್ನೇ ಮರೆತಂತೆ.

ಹಂಪಿ, ಆನೆಗೊಂದಿ, ಇಟಗಿ ನೋಡಲು ಈ ಕಡೆ ಬರುವವರು ಕಿನ್ನಾಳಕ್ಕೂ ಒಂದು ಹೊತ್ತು ಬಿಡುವು ಮಾಡಿಕೊಳ್ಳಲಿ. ಗೊಂಬೆಯನ್ನು ಮಾಡಿದವರ ಮನೆಯಲ್ಲೇ ಕೊಳ್ಳಿ. ಕಿಟ್ಟದ ಕೆಲಸ ಆಗಿದೆಯೇ ಎಂದು ಕೇಳಿ. ಆಗಿದ್ದರೆ ಚೌಕಾಸಿ ಮಾಡದೆ ಹೇಳಿದ ಬೆಲೆ ಕೊಡಿ.